ಫೋನಿನಿಂದ ಮಾಡೆಲ್ ರೈಲು ಓಡಿಸುವುದು ಹೇಗೆ: ಡಿಸಿಸಿ-ಇಎಕ್ಸ್ ಜೋಡಣೆಯಿಂದ ಮೊದಲ ಓಟದವರೆಗೆ

ಮಾಡೆಲ್ ರೈಲನ್ನು ಫೋನಿನಿಂದ ಓಡಿಸಬೇಕು ಅಂತ ಆಸೆಪಟ್ಟವರು ಮೊದಲು ಮಾಡುವ ಕೆಲಸ ಒಳ್ಳೆಯ ಆ್ಯಪ್ ಹುಡುಕುವುದು. ನಾನು ಹೇಳುವುದು ಬೇರೆ. ಆ್ಯಪ್ ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ, ಅದನ್ನು ಕೊನೆಗೆ ನೋಡಿಕೊಳ್ಳಬಹುದು. ಫೋನಿನಿಂದ ಕಂಟ್ರೋಲ್ ಪೆಟ್ಟಿಗೆಯವರೆಗೆ ಮಾತ್ರ ಸಿಗ್ನಲ್ ಗಾಳಿಯಲ್ಲಿ ಹೋಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಆದೇಶವೂ ವೈರಿನಲ್ಲಿ ಹೋಗಿ, ಹಳಿಗೆ ಇಳಿದು, ಚಕ್ರದ ಮೂಲಕವೇ ಇಂಜಿನ್ ಒಳಗೆ ಸೇರಬೇಕು. ರೈಲು ತಡವರಿಸಿದಾಗ ಎಲ್ಲರೂ ವೈಫೈ ಮೇಲೆ ತಪ್ಪು ಹಾಕುತ್ತಾರೆ. ಆದರೆ ದೋಷ ಬಹಳ ಸಲ ಹಳಿಯ ಮೇಲಿನ ಕೊಳೆಯಲ್ಲೋ, ಸಡಿಲವಾದ ಒಂದು ಸ್ಕ್ರೂನಲ್ಲೋ ಇರುತ್ತದೆ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ, ಯಾಕೆಂದರೆ ಇಡೀ ಜೋಡಣೆಯ ಅನುಕ್ರಮ ಇದರ ಮೇಲೆಯೇ ನಿಂತಿದೆ.

ದಾರಿಗಳು ಹಲವಾರಿವೆ. ಆಸ್ಟ್ರಿಯಾದ ರೋಕೋ ಕಂಪನಿಯ ಝಡ್21 ಅನ್ನುವ ಸಿದ್ಧ ಕಂಟ್ರೋಲ್ ಪೆಟ್ಟಿಗೆ ತೊಗೊಂಡರೆ ಪೆಟ್ಟಿಗೆ ಬಿಚ್ಚಿ, ರೂಟರ್ ಸೇರಿಸಿ, ಅವರದೇ ಆ್ಯಪ್ ಹಾಕಿಕೊಂಡು ಓಡಿಸಬಹುದು. ಚೆನ್ನಾಗಿದೆ, ಆದರೆ ದುಬಾರಿ. ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ಎಚ್‌ಎಂ7000 ಇನ್ನೊಂದು ರೀತಿ. ಅದರಲ್ಲಿ ಬ್ಲೂಟೂತ್ ಇಂಜಿನ್ ಒಳಗಿನ ಡಿಕೋಡರ್ ಅನ್ನುವ ಚಿಕ್ಕ ಬೋರ್ಡಿನಲ್ಲೇ ಇರುತ್ತದೆ, ಫೋನ್ ನೇರವಾಗಿ ಇಂಜಿನ್ ಜೊತೆ ಮಾತಾಡುತ್ತದೆ, ಹಳಿಯಿಂದ ಬರೀ ಕರೆಂಟ್ ಬರುತ್ತದೆ. ನಾನು ಇಲ್ಲಿ ವಿವರಿಸುವುದು ಮೂರನೆಯ ದಾರಿ: ಡಿಸಿಸಿ-ಇಎಕ್ಸ್. ಇದು ನೀವೇ ಜೋಡಿಸುವ ಕಂಟ್ರೋಲ್ ಪೆಟ್ಟಿಗೆಯನ್ನು ನಡೆಸುವ ಸಾಫ್ಟ್‌ವೇರ್, ಓಪನ್ ಸೋರ್ಸ್. 2015ರಲ್ಲಿ ಗ್ರೆಗ್ ಬರ್ಮನ್ ಎಂಬುವರು ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ ಮಾಡಿದ ಡಿಸಿಸಿ++ ಅನ್ನುವ ಕೆಲಸದಿಂದ ಬೆಳೆದದ್ದು, ಈಗ ಸ್ವಯಂಸೇವಕರ ತಂಡವೊಂದು ನಡೆಸುತ್ತಿದೆ. ಇದಕ್ಕೆ ಬೇಕಾದ ಎಲೆಕ್ಟ್ರಾನಿಕ್ಸ್ ಸಾಮಾನು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಕೆಟ್ಟರೆ ಕೆಟ್ಟ ತುಂಡನ್ನಷ್ಟೇ ಬದಲಾಯಿಸಬಹುದು. ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಇದು ತುಂಬಾ ದೊಡ್ಡ ಅನುಕೂಲ, ವಿದೇಶದಿಂದ ತರಿಸಿದ ಪೆಟ್ಟಿಗೆ ಕೆಟ್ಟರೆ ರಿಪೇರಿ ಮಾಡಿಸುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೆ ಗೊತ್ತು.

ಡಿಸಿಸಿ ಅಂದರೇನು, ಅಷ್ಟು ಮಾತ್ರ

ಹಳೆಯ ರೀತಿಯಲ್ಲಿ ಹಳಿಗೆ ಎಷ್ಟು ವೋಲ್ಟ್ ಕೊಡುತ್ತೀರೋ ಇಂಜಿನ್ ಅಷ್ಟು ಜೋರಾಗಿ ಓಡುತ್ತದೆ. ಒಂದೇ ಹಳಿಯ ಮೇಲೆ ಎರಡು ಇಂಜಿನ್ ಇಟ್ಟರೆ ಎರಡೂ ಓಡುತ್ತವೆ. ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್‌ನಲ್ಲಿ ಹಾಗಲ್ಲ. ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಅದು ಕ್ಷಣಕ್ಷಣಕ್ಕೂ ಪ್ಲಸ್-ಮೈನಸ್ ಅದಲುಬದಲಾಗುತ್ತಾ ಇರುತ್ತದೆ. ಆ ಅದಲುಬದಲಿನ ಅಂತರದಲ್ಲೇ ಸಂದೇಶ ಅಡಗಿದೆ. 58 ಮೈಕ್ರೋಸೆಕೆಂಡಿಗೆ ತಿರುಗಿದರೆ 1, ಸುಮಾರು 100 ಮೈಕ್ರೋಸೆಕೆಂಡಿಗೆ ತಿರುಗಿದರೆ 0. ಪ್ರತಿ ಇಂಜಿನ್ ಒಳಗೂ ಡಿಕೋಡರ್ ಅನ್ನುವ ಚಿಕ್ಕ ಬೋರ್ಡ್ ಇರುತ್ತದೆ, ಅದಕ್ಕೊಂದು ವಿಳಾಸದ ನಂಬರ್. ತನ್ನ ನಂಬರಿಗೆ ಬಂದ ಆದೇಶ ಮಾತ್ರ ಅದು ಪಾಲಿಸುತ್ತದೆ. ಜರ್ಮನಿಯ ಲೆನ್ಜ್ ಕಂಪನಿ ಮಾಡಿದ ಈ ಪದ್ಧತಿಯನ್ನು ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಸ್ಥೆ ಎನ್‌ಎಂಆರ್‌ಎ 1990ರ ದಶಕದಲ್ಲಿ ಎಲ್ಲರಿಗೂ ಮಾನದಂಡ ಮಾಡಿತು. ಹಾಗಾಗಿಯೇ ಒಂದು ಕಂಪನಿಯ ಇಂಜಿನ್, ಇನ್ನೊಂದು ಕಂಪನಿಯ ಡಿಕೋಡರ್, ನೀವೇ ಕೂತು ಜೋಡಿಸಿದ ಪೆಟ್ಟಿಗೆ, ಮೂರೂ ಜಗಳವಿಲ್ಲದೆ ಕೆಲಸ ಮಾಡುತ್ತವೆ.

ಡಿಕೋಡರ್ ಇಲ್ಲದ ಹಳೆ ಇಂಜಿನನ್ನು ಡಿಸಿಸಿ ಹಳಿಯ ಮೇಲೆ ಇಡಲೇಬೇಡಿ. ಮೋಟಾರ್ ಗುಂಯ್ ಅಂತ ನಿಂತಲ್ಲೇ ಬಿಸಿಯಾಗಿ ಸುಟ್ಟುಹೋಗಬಹುದು.

ಏನೇನು ತರಬೇಕು

ಆರ್ಡುಯಿನೋ ಮೆಗಾ 2560 ಒಂದು. ಊನೋ ಬೇಡ, ಅದರ ಮೆಮೊರಿ ವೈಫೈ ಜೊತೆ ಈ ಕೆಲಸಕ್ಕೆ ಸಾಲುವುದಿಲ್ಲ. ಒರಿಜಿನಲ್ ಬೇಕೆಂದೇನಿಲ್ಲ, ಒಳ್ಳೆಯ ಕ್ಲೋನ್ ಆದರೂ ನಡೆಯುತ್ತದೆ.

ಮೋಟಾರ್ ಶೀಲ್ಡ್ ಒಂದು, ಅಂದರೆ ಮೆಗಾ ಮೇಲೆ ಕೂತು ಹಳಿಗೆ ಕರೆಂಟ್ ಕಳಿಸುವ ಬೋರ್ಡ್. ಇಲ್ಲಿ ಎಚ್ಚರ. ಅಂಗಡಿಯಲ್ಲಿ ಸುಮ್ನೆ ಮೋಟಾರ್ ಶೀಲ್ಡ್ ಕೊಡಿ ಅಂದರೆ ಎಲ್293ಡಿ ಚಿಪ್ ಇರುವ ಅಗ್ಗದ ಬೋರ್ಡ್ ಕೈಗೆ ಕೊಡುವ ಸಾಧ್ಯತೆ ಜಾಸ್ತಿ. ಅದು ಈ ಕೆಲಸಕ್ಕೆ ಬರುವುದಿಲ್ಲ. ಅದರ ಒಂದು ಚಾನೆಲ್‌ಗೆ ಸುಮಾರು 0.6 ಆಂಪಿಯರ್ ಅಷ್ಟೇ ತಡೆಯುವ ಶಕ್ತಿ, ಜೊತೆಗೆ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ಅಳೆಯುವ ವ್ಯವಸ್ಥೆಯೇ ಇಲ್ಲ. ಅಳತೆ ಇಲ್ಲದಿದ್ದರೆ ಶಾರ್ಟ್ ಆದಾಗ ಪವರ್ ಕಡಿತವಾಗುವುದಿಲ್ಲ, ಅಪಾಯ. ನಿಮಗೆ ಬೇಕಾದದ್ದು ಎಲ್298 ಚಿಪ್ ಇರುವ ಆರ್ಡುಯಿನೋ ಮೋಟಾರ್ ಶೀಲ್ಡ್ ಆರ್3 ಅಥವಾ ಅದರದೇ ನಕಲು. ಗುರುತು ಹಿಡಿಯುವುದು ಸುಲಭ: ಇದರಲ್ಲಿ ಸ್ಕ್ರೂ ಇರುವ ಕನೆಕ್ಟರ್ ಒಂದೇ ಕಡೆ ಇರುತ್ತದೆ, ಅದರಲ್ಲಿ ಎ ಪ್ಲಸ್, ಎ ಮೈನಸ್, ಬಿ ಪ್ಲಸ್, ಬಿ ಮೈನಸ್ ಮತ್ತು ವಿಇನ್, ಗ್ರೌಂಡ್. ಎರಡೂ ಬದಿಯಲ್ಲಿ ಸಾಲಾಗಿ ಸ್ಕ್ರೂ ಇದ್ದು ಎಂ1ರಿಂದ ಎಂ4ರವರೆಗೆ ಬರೆದಿದ್ದರೆ ವಾಪಸ್ ಕೊಡಿ.

ಈ ಶೀಲ್ಡ್ ಚಾನೆಲ್‌ಗೆ 2 ಆಂಪಿಯರ್ ಅಂತ ಹೇಳಿಕೊಂಡರೂ 1.5 ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಎಚ್‌ಒ ಅಳತೆಯ (ನಿಜದ ರೈಲಿನ 87ರಲ್ಲಿ ಒಂದು ಪಾಲು) ಇಂಜಿನ್ ಒಂದಕ್ಕೆ ಸಾಮಾನ್ಯವಾಗಿ ಅರ್ಧ ಆಂಪಿಯರ್ ಒಳಗೇ ಸಾಕು. ಅಂದರೆ ಎರಡು ಮೂರು ಇಂಜಿನ್ ನಿರಾಳವಾಗಿ ಓಡುತ್ತವೆ. ಅದಕ್ಕಿಂತ ದೊಡ್ಡ ಲೇಔಟ್ (ಹಳಿಗಳ ಇಡೀ ಜೋಡಣೆ) ಇದ್ದವರಿಗೆ ಡಿಸಿಸಿ-ಇಎಕ್ಸ್ ತಂಡದ್ದೇ 5 ಆಂಪಿಯರ್ ಶೀಲ್ಡ್ ಇದೆ, ಮತ್ತು ವೈಫೈ, ಮೋಟಾರ್ ಡ್ರೈವರ್, ಪುಟ್ಟ ಸ್ಕ್ರೀನ್ ಎಲ್ಲಾ ಒಂದರಲ್ಲೇ ಇರುವ ಇಎಕ್ಸ್-ಸಿಎಸ್‌ಬಿ1 ಅನ್ನುವ ಸಿದ್ಧ ಬೋರ್ಡೂ ಇದೆ. ಬೋರ್ಡ್ ಜೋಡಿಸುವ ಗೋಜೇ ಬೇಡ ಅನ್ನುವವರು ಅದನ್ನೇ ತರಿಸಿಕೊಳ್ಳಿ, ಮುಂದಿನ ಜೋಡಣೆಯ ಭಾಗ ಬಿಟ್ಟು ಹಳಿಯ ಭಾಗಕ್ಕೆ ಹೋಗಿ.

ವೈಫೈಗೆ ಇಎಸ್‌ಪಿ-01ಎಸ್ ಅನ್ನುವ ಬೆರಳುದ್ದದ ಮಾಡ್ಯೂಲ್, ಅದರ ಜೊತೆಗೆ 5 ವೋಲ್ಟಿನ ಅಡಾಪ್ಟರ್ ಬೋರ್ಡ್. ಈ ಅಡಾಪ್ಟರ್ ಬೋರ್ಡ್ ಉಳಿಸಲು ಹೋಗಬೇಡಿ. ಮಾಡ್ಯೂಲ್ ಓಡುವುದು 3.3 ವೋಲ್ಟಿನಲ್ಲಿ. ಮೆಗಾದಲ್ಲಿ 3.3 ವೋಲ್ಟಿನ ಪಿನ್ ಇದೆ ನಿಜ, ಆದರೆ ಅದು ಕೊಡುವುದು ಬರೀ 50 ಮಿಲಿ ಆಂಪಿಯರ್, ವೈಫೈ ಸಿಗ್ನಲ್ ಕಳಿಸುವ ಕ್ಷಣದಲ್ಲಿ ಮಾಡ್ಯೂಲ್ ಅದರ ಹಲವು ಪಟ್ಟು ಎಳೆಯುತ್ತದೆ. ನೇರ ಸೇರಿಸಿದರೆ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ.

ಪವರ್ ಎರಡು ಬೇಕು. ಹಳಿಗೆ 12ರಿಂದ 14 ವೋಲ್ಟ್ ಡಿಸಿ, 3ರಿಂದ 5 ಆಂಪಿಯರ್. ಸಿಸಿಟಿವಿ ಅಥವಾ ಎಲ್‌ಇಡಿ ಸ್ಟ್ರಿಪ್‌ಗೆ ಬಳಸುವ 12 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಎಲ್ಲಾ ಊರಲ್ಲೂ ಸಿಗುತ್ತದೆ, ಐಎಸ್‌ಐ ಅಥವಾ ಬಿಐಎಸ್ ಗುರುತು ನೋಡಿ ಕೊಳ್ಳಿ. ಎಲ್298 ಚಿಪ್ ತಾನೇ ಸುಮಾರು 2 ವೋಲ್ಟ್ ತಿನ್ನುತ್ತದೆ, ಹಾಗಾಗಿ 12 ಕೊಟ್ಟರೆ ಹಳಿಗೆ 10ರ ಆಸುಪಾಸು ಬರುತ್ತದೆ. ಮನೆಯ ಲೇಔಟ್‌ಗೆ ಸಾಕು, ವೇಗ ಸ್ವಲ್ಪ ಕಮ್ಮಿ ಅನ್ನಿಸಿದರೆ 14 ವೋಲ್ಟಿನದು ಹುಡುಕಿ. ಮೆಗಾಗೆ ಬೇರೆಯೇ 7ರಿಂದ 9 ವೋಲ್ಟಿನ ಅಡಾಪ್ಟರ್. ಹಳೆಯ ಆಟಿಕೆ ರೈಲಿನ ಜೊತೆ ಬಂದ ಕಂಟ್ರೋಲರ್ ಅನ್ನು ಇದರಲ್ಲಿ ಎಲ್ಲಿಯೂ ಸೇರಿಸಬೇಡಿ.

ಇದರ ಮೇಲೆ ಒಂದು ಮಲ್ಟಿಮೀಟರ್, 1.5 ಚದರ ಮಿಲಿಮೀಟರಿನ ಮನೆ ವೈರ್ ಎರಡು ಬಣ್ಣದ್ದು, ಸೋಲ್ಡರಿಂಗ್ ಐರನ್. ಮಲ್ಟಿಮೀಟರ್ ಇಲ್ಲದೆ ಶುರು ಮಾಡಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ಪೆಟ್ಟಿಗೆ ಜೋಡಣೆ

ಮೊದಲು ಶೀಲ್ಡ್ ತಿರುಗಿಸಿ ಹಿಂಭಾಗ ನೋಡಿ. ವಿಇನ್ ಕನೆಕ್ಟ್ ಅಂತ ಬರೆದಿರುವ ಕಡೆ ಎರಡು ಚುಕ್ಕಿಗಳ ನಡುವೆ ಸಣ್ಣ ತಾಮ್ರದ ಗೆರೆ ಇರುತ್ತದೆ. ಅದನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಬೇಕು. ಕತ್ತರಿಸದಿದ್ದರೆ ಹಳಿಗೆ ಕೊಡುವ ವೋಲ್ಟೇಜ್ ಮೆಗಾಗೂ ನುಗ್ಗುತ್ತದೆ, ಅದರ ರೆಗ್ಯುಲೇಟರ್ ಬಿಸಿಯಾಗಿ ಕೊನೆಗೆ ಬೋರ್ಡೇ ಹೋಗಬಹುದು. ಕತ್ತರಿಸಿದ ಮೇಲೆ ಶೀಲ್ಡಿನ ವಿಇನ್ ಸ್ಕ್ರೂಗೂ ವಿಇನ್ ಪಿನ್‌ಗೂ ನಡುವೆ ಮಲ್ಟಿಮೀಟರಿನಲ್ಲಿ ಬೀಪ್ ಬರಬಾರದು. ಬಂದರೆ ಇನ್ನೂ ಸ್ವಲ್ಪ ಗೀರಿ.

ಮೆಗಾದ ಯುಎಸ್‌ಬಿ ಪೋರ್ಟಿನ ಲೋಹದ ಕವಚದ ಮೇಲೆ ಎರಡು ಪದರ ಇನ್ಸುಲೇಷನ್ ಟೇಪ್ ಅಂಟಿಸಿ. ಶೀಲ್ಡ್ ಕೂರಿಸಿದಾಗ ಅದರ ಹಿಂದಿನ ಬೆಸುಗೆಗಳು ಅದಕ್ಕೆ ತಾಗುವ ಸಾಧ್ಯತೆ ಇದೆ. ಆಮೇಲೆ ಶೀಲ್ಡ್ ಅನ್ನು ಮೆಗಾ ಮೇಲೆ ನೇರವಾಗಿ ಒತ್ತಿ ಕೂರಿಸಿ, ಒಂದು ಪಿನ್ನೂ ಹೊರಗೆ ಬಗ್ಗಿಲ್ಲ ಅಂತ ಪಕ್ಕದಿಂದ ನೋಡಿ.

ವೈಫೈ ಮಾಡ್ಯೂಲಿಗೆ ನಾಲ್ಕೇ ವೈರ್. ಅಡಾಪ್ಟರ್ ಬೋರ್ಡಿನ ವಿಸಿಸಿಯನ್ನು ಮೆಗಾದ 5 ವೋಲ್ಟಿಗೆ, ಗ್ರೌಂಡನ್ನು ಗ್ರೌಂಡಿಗೆ. ಟಿಎಕ್ಸ್ ಅನ್ನು ಮೆಗಾದ 19ನೇ ಪಿನ್‌ಗೆ, ಆರ್‌ಎಕ್ಸ್ ಅನ್ನು 18ನೇ ಪಿನ್‌ಗೆ. ಒಬ್ಬರು ಹೇಳಿದ್ದು ಇನ್ನೊಬ್ಬರು ಕೇಳಬೇಕಲ್ಲ, ಹಾಗಾಗಿ ಇವೆರಡು ಅಡ್ಡಡ್ಡ. ವೈಫೈ ಬಾರದಿದ್ದಾಗ ಮೊದಲು ಇವನ್ನೇ ಅದಲುಬದಲು ಮಾಡಿ ನೋಡಿ.

ಈಗ ಕಂಪ್ಯೂಟರ್. ಡಿಸಿಸಿ-ಇಎಕ್ಸ್ ತಂಡದ ಇಎಕ್ಸ್-ಇನ್‌ಸ್ಟಾಲರ್ ಡೌನ್‌ಲೋಡ್ ಮಾಡಿಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಯುಎಸ್‌ಬಿ ಕೇಬಲ್ ಹಾಕಿದಾಗ ಮೆಗಾ ಕಾಣದಿದ್ದರೆ ಬಹುಶಃ ನಿಮ್ಮ ಕ್ಲೋನಿನಲ್ಲಿ ಸಿಎಚ್340 ಚಿಪ್ ಇದೆ, ಅದರ ಡ್ರೈವರ್ ಹಾಕಿ. ಇನ್‌ಸ್ಟಾಲರ್ ಒಂದೊಂದಾಗಿ ಕೇಳುತ್ತಾ ಹೋಗುತ್ತದೆ: ಯಾವ ಬೋರ್ಡ್, ಯಾವ ಮೋಟಾರ್ ಶೀಲ್ಡ್, ಸ್ಕ್ರೀನ್ ಇದೆಯಾ, ವೈಫೈ ಇದೆಯಾ. ಶೀಲ್ಡಿಗೆ ಸ್ಟ್ಯಾಂಡರ್ಡ್ ಮೋಟಾರ್ ಶೀಲ್ಡ್ ಅಂತ ಆರಿಸಿ. ವೈಫೈಗೆ ಆ್ಯಕ್ಸೆಸ್ ಪಾಯಿಂಟ್ ಆರಿಸಿ, ಅಂದರೆ ಪೆಟ್ಟಿಗೆ ತಾನೇ ಒಂದು ವೈಫೈ ಹೊರಡಿಸುತ್ತದೆ, ಮನೆಯ ರೂಟರ್ ಬೇಕಾಗುವುದಿಲ್ಲ. ಮನೆ ರೂಟರ್‌ಗೆ ಸೇರಿಸುವ ಆಯ್ಕೆಯೂ ಇದೆ, ಆದರೆ ಮೊದಲ ಸಲ ಬೇಡ. ಎಷ್ಟು ಕಮ್ಮಿ ಸಾಧನಗಳಿರುತ್ತವೋ ತಪ್ಪು ಹುಡುಕುವುದು ಅಷ್ಟು ಸುಲಭ. ಕೊನೆಗೆ ಲೋಡ್ ಒತ್ತಿ, ಮುಗಿಯುವವರೆಗೆ ಕೇಬಲ್ ಮುಟ್ಟಬೇಡಿ.

ಹಳಿಗೆ ಕರೆಂಟ್

ಇದಕ್ಕೆ ಸಮಯ ಕೊಡಿ. ನಿಮ್ಮ ರೈಲು ಹೇಗೆ ಓಡುತ್ತದೆ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಶೀಲ್ಡಿನ ಎ ಜೋಡಿ ಮುಖ್ಯ ಹಳಿಗೆ, ಬಿ ಜೋಡಿ ಪ್ರೋಗ್ರಾಮಿಂಗ್ ಹಳಿಗೆ. ಪ್ರೋಗ್ರಾಮಿಂಗ್ ಹಳಿ ಅಂದರೆ ಡಿಕೋಡರ್‌ನ ನಂಬರ್ ಓದಲು, ಬದಲಾಯಿಸಲು ಇಟ್ಟ, ಇಂಜಿನ್ ಪೂರ್ತಿ ಕೂರುವಷ್ಟು ಉದ್ದದ ಒಂದು ಪ್ರತ್ಯೇಕ ತುಂಡು, ಮುಖ್ಯ ಹಳಿಗೆ ಎಲ್ಲಿಯೂ ತಾಗಬಾರದು.

ಮುಖ್ಯ ಹಳಿಯ ಕೆಳಗೆ ಲೇಔಟಿನ ಉದ್ದಕ್ಕೂ 1.5 ಚದರ ಮಿಲಿಮೀಟರಿನ ಎರಡು ವೈರ್ ಎಳೆಯಿರಿ, ಒಳಹಳಿಗೆ ಒಂದು ಬಣ್ಣ, ಹೊರಹಳಿಗೆ ಇನ್ನೊಂದು. ಅದರಿಂದ ಸುಮಾರು ಮೀಟರಿಗೊಂದರಂತೆ ತೆಳ್ಳನೆಯ ವೈರ್ ಮೇಲೆ ತಂದು ಹಳಿಗೆ ಬೆಸೆಯಿರಿ. ಹಳಿ ಹಳಿ ಸೇರಿಸುವ ಚಿಕ್ಕ ಲೋಹದ ಜಾಯಿನರ್‌ಗಳನ್ನು ನಂಬಿ ಕೂರಬೇಡಿ. ಹೊಸದಾಗಿದ್ದಾಗ ಬಿಗಿಯಾಗಿರುತ್ತವೆ, ಒಂದೆರಡು ಮಳೆಗಾಲ ಕಳೆದರೆ ತೇವಕ್ಕೆ ಕಪ್ಪಾಗಿ ಸಡಿಲವಾಗುತ್ತವೆ. ಮಂಗಳೂರು, ಕಾರವಾರದ ಕಡೆಯವರಿಗೆ ಇದು ಇನ್ನೂ ಬೇಗ ಆಗುತ್ತದೆ. ಹಿತ್ತಾಳೆ ಹಳಿ ಇದ್ದರೆ ಕಷ್ಟ ಜಾಸ್ತಿ, ಅದರ ಮೇಲೆ ಕೂರುವ ಕಿಲುಬು ಕರೆಂಟ್ ಬಿಡುವುದಿಲ್ಲ. ಹೊಸದು ಕೊಳ್ಳುವುದಾದರೆ ನಿಕ್ಕಲ್ ಸಿಲ್ವರ್ ಹಳಿಯನ್ನೇ ಕೊಳ್ಳಿ.

ಲೇಔಟಿನಲ್ಲಿ ರೈಲು ಒಂದು ಸುತ್ತು ಹೋಗಿ ಅದೇ ಹಳಿಗೆ ಎದುರು ದಿಕ್ಕಿನಿಂದ ಬಂದು ಸೇರುವ ಕುಣಿಕೆ ಇದೆಯಾ ನೋಡಿ. ಇದ್ದರೆ ಅಲ್ಲಿ ಎಡಹಳಿ ಬಲಹಳಿ ಕೂಡಿಕೊಂಡು ಶಾರ್ಟ್ ಆಗುತ್ತದೆ, ಅದಕ್ಕೆ ಆ ತುಂಡಿನ ಪ್ಲಸ್-ಮೈನಸ್ ತಾನಾಗಿಯೇ ತಿರುಗಿಸುವ ಆಟೋ ರಿವರ್ಸರ್ ಬೇಕು. ಮೊದಲ ಲೇಔಟಿಗೆ ಸುಮ್ನೆ ಒಂದು ದುಂಡು ಹಳಿ, ಪಕ್ಕಕ್ಕೆ ಒಂದು ಸೈಡಿಂಗ್ ಇದ್ದರೆ ಸಾಕು.

ಈಗ ಬಹಳ ಮುಖ್ಯವಾದ ಪರೀಕ್ಷೆ. ಹಳಿಯ ಮೇಲೆ ಇಂಜಿನ್ ಇಡಬೇಡಿ. ಕೆಳಗೆ ಹೇಳಿರುವಂತೆ ಫೋನ್ ಸೇರಿಸಿ ಹಳಿಗೆ ಪವರ್ ಕೊಟ್ಟ ಮೇಲೆ ಒಂದು ರೂಪಾಯಿ ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಅಡ್ಡ ಇಡಿ. ತಕ್ಷಣ ಪವರ್ ಕಡಿತವಾಗಬೇಕು. ಪೆಟ್ಟಿಗೆಯಿಂದ ಎಲ್ಲಕ್ಕಿಂತ ದೂರ ಇರುವ ಕಡೆಯೂ ಸೇರಿ, ಅಲ್ಲಲ್ಲಿ ಹೀಗೇ ಮಾಡಿ ನೋಡಿ. ಎಲ್ಲಾದರೂ ಪವರ್ ಕಡಿತವಾಗದೆ ನಾಣ್ಯ ಬಿಸಿಯಾಗುತ್ತಿದ್ದರೆ ಆ ಭಾಗದ ವೈರಿಂಗ್ ದುರ್ಬಲ ಅಂತ ಅರ್ಥ, ಅಲ್ಲಿಗೆ ಇನ್ನೊಂದು ಜೋಡಿ ವೈರ್ ಬೆಸೆಯಿರಿ. ರೈಲು ಹಳಿ ತಪ್ಪಿ ಅಡ್ಡ ಬಿದ್ದಾಗ ಆಗುವುದೂ ಇದೇ ಶಾರ್ಟ್. ಆಗ ಪವರ್ ನಿಲ್ಲದಿದ್ದರೆ ಚಕ್ರದ ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ, ಡಿಕೋಡರ್ ಸುಡುತ್ತದೆ. ಈ ಪರೀಕ್ಷೆ ಪಾಸಾಗುವವರೆಗೆ ಇಂಜಿನ್ ಡಬ್ಬಿಯಲ್ಲೇ ಇರಲಿ.

ಇಂಜಿನ್ ಒಳಗೆ ಡಿಕೋಡರ್

ಡಿಸಿಸಿ ರೆಡಿ ಅಂತ ಬರೆದಿರುವ ಇಂಜಿನ್ ಆದರೆ ಒಳಗೆ ಸಾಕೆಟ್ ಇರುತ್ತದೆ, 6 ಪಿನ್ನಿನದೋ 8 ಪಿನ್ನಿನದೋ 21 ಪಿನ್ನಿನದೋ ಅಂತ ನೋಡಿ ಅದಕ್ಕೆ ಹೊಂದುವ ಡಿಕೋಡರ್ ತೊಗೊಳ್ಳಿ. ಬಾಡಿ ಬಿಚ್ಚಿ, ಖಾಲಿ ಪ್ಲಗ್ ತೆಗೆದು, ಒಂದನೇ ಪಿನ್ ಗುರುತು ಹೊಂದಿಸಿ ಚುಚ್ಚಿದರೆ ಮುಗಿಯಿತು.

ಸಾಕೆಟ್ ಇಲ್ಲದ ಇಂಜಿನ್‌ಗೆ ವೈರ್ ಬೆಸೆಯಬೇಕು. ಬಣ್ಣಗಳು ಎಲ್ಲಾ ಕಂಪನಿಗೂ ಒಂದೇ: ಕೆಂಪು ಮತ್ತು ಕಪ್ಪು ಚಕ್ರದಿಂದ ಬರುವ ಕರೆಂಟಿಗೆ, ಕಿತ್ತಳೆ ಮತ್ತು ಬೂದು ಮೋಟಾರಿಗೆ, ಬಿಳಿ ಮುಂದಿನ ಲೈಟಿಗೆ, ಹಳದಿ ಹಿಂದಿನ ಲೈಟಿಗೆ, ನೀಲಿ ಲೈಟುಗಳ ಸಾಮಾನ್ಯ ಪ್ಲಸ್. ಮೋಟಾರಿನ ಎರಡು ತುದಿಯಲ್ಲಿ ಯಾವುದೂ ಇಂಜಿನ್ ಚಾಸಿಗೋ ಚಕ್ರಕ್ಕೋ ತಾಗುತ್ತಿರಬಾರದು. ಹಳೆಯ ಇಂಜಿನ್‌ಗಳಲ್ಲಿ ಒಂದು ತುದಿ ಚಾಸಿಗೇ ಸೇರಿರುತ್ತದೆ, ಅದನ್ನು ಬಿಡಿಸದೆ ಡಿಕೋಡರ್ ಹಾಕಿದರೆ ಪವರ್ ಕೊಟ್ಟ ಕ್ಷಣ ಡಿಕೋಡರ್ ಹೋಯಿತು. ಮಲ್ಟಿಮೀಟರಿನಲ್ಲಿ ಬೀಪ್ ಇಲ್ಲ ಅಂತ ಎರಡು ಸಲ ನೋಡಿ.

ಫೋನ್ ಸೇರಿಸುವುದು

ಆಂಡ್ರಾಯ್ಡ್ ಫೋನಿಗೆ ಇಂಜಿನ್ ಡ್ರೈವರ್ ಅನ್ನುವ ಆ್ಯಪ್ ಹಾಕಿಕೊಳ್ಳಿ, ಉಚಿತ, ಇದೂ ಓಪನ್ ಸೋರ್ಸ್. ಐಫೋನ್ ಇದ್ದವರಿಗೆ ವೈಥ್ರಾಟಲ್ ಇದೆ.

ಎರಡೂ ಅಡಾಪ್ಟರ್ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಫೋನಿನ ವೈಫೈ ಪಟ್ಟಿಯಲ್ಲಿ ಡಿಸಿಸಿಇಎಕ್ಸ್ ಅಂತ ಶುರುವಾಗಿ, ಅಂಡರ್‌ಸ್ಕೋರ್ ಆಗಿ, ಕೊನೆಗೆ ಆರು ಅಕ್ಷರ-ಅಂಕಿ ಇರುವ ಹೆಸರು ಕಾಣುತ್ತದೆ. ಇನ್‌ಸ್ಟಾಲರ್‌ನಲ್ಲಿ ನೀವು ಬೇರೆ ಪಾಸ್‌ವರ್ಡ್ ಕೊಡದಿದ್ದರೆ, ಪಾಸ್‌ವರ್ಡ್ ಹೀಗಿರುತ್ತದೆ: ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಪಾಸ್ (PASS), ಅಂಡರ್‌ಸ್ಕೋರ್, ಆಮೇಲೆ ಅದೇ ಆರು ಅಕ್ಷರಗಳು ಹೇಗಿವೆಯೋ ಹಾಗೆ.

ಸೇರಿದ ತಕ್ಷಣ ಫೋನ್ ಈ ನೆಟ್‌ವರ್ಕಿನಲ್ಲಿ ಇಂಟರ್ನೆಟ್ ಇಲ್ಲ ಅಂತ ದೂರುತ್ತದೆ. ಇಲ್ಲದಿದ್ದರೂ ಪರವಾಗಿಲ್ಲ, ಹೀಗೇ ಇರಲಿ ಅಂತ ಒಪ್ಪಿಗೆ ಕೊಡಿ. ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ: ಫೋನ್ ವೈಫೈಗೆ ಸೇರಿದಂತೆ ತೋರಿಸುತ್ತಲೇ ಒಳಗೊಳಗೆ ಮೊಬೈಲ್ ಡೇಟಾಕ್ಕೆ ಹಾರುತ್ತದೆ, ಆ್ಯಪ್‌ಗೆ ಪೆಟ್ಟಿಗೆ ಸಿಗುವುದೇ ಇಲ್ಲ. ಅದಕ್ಕೆ ಒಳ್ಳೆಯ ಉಪಾಯ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡುವುದು. ರೈಲು ಓಡುತ್ತಿರುವಾಗ ಫೋನ್ ಕರೆ ಬರುವ ತಾಪತ್ರಯವೂ ತಪ್ಪುತ್ತದೆ. ಐಫೋನಿನಲ್ಲಿ ಲೋಕಲ್ ನೆಟ್‌ವರ್ಕ್ ಬಳಸಲು ಆ್ಯಪ್ ಅನುಮತಿ ಕೇಳುತ್ತದೆ, ಬೇಡ ಅಂದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ.

ಆ್ಯಪ್ ತೆರೆದು ಸರ್ವರ್ ವಿಳಾಸಕ್ಕೆ 192.168.4.1, ಪೋರ್ಟಿಗೆ 2560 ಹಾಕಿ ಕನೆಕ್ಟ್ ಒತ್ತಿ. ವೇಗ ಏರಿಸಿ ಇಳಿಸುವ ಥ್ರಾಟಲ್ ಪರದೆ ಬಂದರೆ ಗಾಳಿಯ ಭಾಗ ಮುಗಿಯಿತು. ಪವರ್ ಬಟನ್ ಒತ್ತಿ ಹಳಿಗೆ ಪವರ್ ಕೊಡಿ, ನಾಣ್ಯದ ಪರೀಕ್ಷೆ ಈಗ ಮಾಡಿ.

ಮೊದಲ ಓಟ, ಆಮೇಲೆ ನಂಬರ್

ಹೊಸ ಡಿಕೋಡರ್‌ನ ವಿಳಾಸ ಸಾಮಾನ್ಯವಾಗಿ 3. ಇಂಜಿನನ್ನು ಮುಖ್ಯ ಹಳಿಯ ಮೇಲಿಟ್ಟು, ಆ್ಯಪ್‌ನಲ್ಲಿ ಸೆಲೆಕ್ಟ್ ಒತ್ತಿ 3 ಅಂತ ಹಾಕಿ, ಶಾರ್ಟ್ ವಿಳಾಸ ಅಂತ ಇರಲಿ, ಅಕ್ವಾಯರ್ ಒತ್ತಿ. ಎಫ್0 ಒತ್ತಿದರೆ ಲೈಟ್ ಹತ್ತಬೇಕು. ಹತ್ತಿತಾ? ಹಾಗಾದರೆ ಫೋನಿನಿಂದ ಡಿಕೋಡರ್‌ವರೆಗೆ ದಾರಿ ಪೂರ್ತಿ ಸರಿಯಿದೆ. ನಿಧಾನಕ್ಕೆ ಸ್ಲೈಡರ್ ಮೇಲೆ ತಳ್ಳಿ. ಇಂಜಿನ್ ಡ್ರೈವರ್‌ನಲ್ಲಿ ಫೋನಿನ ವಾಲ್ಯೂಮ್ ಬಟನ್ನಿನಿಂದಲೂ ವೇಗ ಏರಿಸಿ ಇಳಿಸಬಹುದು, ಇದು ನನಗೆ ತುಂಬಾ ಇಷ್ಟ, ಕಣ್ಣು ಪರದೆಯ ಮೇಲಲ್ಲ, ರೈಲಿನ ಮೇಲೇ ಇರುತ್ತದೆ ಅಲ್ವಾ.

ಎರಡನೇ ಇಂಜಿನ್ ಬರುವ ಮೊದಲೇ ಮೊದಲನೆಯದರ ನಂಬರ್ ಬದಲಾಯಿಸಿ, ಇಲ್ಲದಿದ್ದರೆ ಎರಡೂ 3 ಆಗಿ ಒಟ್ಟಿಗೆ ಓಡುತ್ತವೆ. ಇಂಜಿನನ್ನು ಪ್ರೋಗ್ರಾಮಿಂಗ್ ಹಳಿಗೆ ತನ್ನಿ, ಅದೊಂದೇ ಇರಬೇಕು. ಇಂಜಿನ್ ಡ್ರೈವರ್ ಮೆನುವಿನಲ್ಲಿ ಡಿಸಿಸಿ-ಇಎಕ್ಸ್ ಅನ್ನುವ ಪರದೆ ಇದೆ, ಅಲ್ಲಿ ಮೊದಲು ವಿಳಾಸ ಓದಿಸಿ, ಆಮೇಲೆ ಹೊಸದು ಬರೆಯಿರಿ. 1ರಿಂದ 127 ಚಿಕ್ಕ ವಿಳಾಸ, 128ರಿಂದ 10239 ಉದ್ದ ವಿಳಾಸ. ಇಂಜಿನ್ ಬಾಡಿಯ ಮೇಲಿರುವ ನಂಬರಿನ ಕೊನೆಯ ನಾಲ್ಕು ಅಂಕಿ ಇಟ್ಟರೆ ನೆನಪಿಡಬೇಕಾಗಿಲ್ಲ.

ಓದಿಸುವಾಗ ಇಂಜಿನ್ ಸ್ವಲ್ಪ ಸ್ವಲ್ಪ ಮಿಸುಕುತ್ತದೆ. ಡಿಕೋಡರ್‌ಗೆ ಉತ್ತರ ಹೇಳಲು ಬೇರೆ ದಾರಿ ಇಲ್ಲ, ಮೋಟಾರಿಗೆ ಸುಮಾರು 6 ಮಿಲಿಸೆಕೆಂಡ್ ಕರೆಂಟ್ ಕೊಟ್ಟು ಕನಿಷ್ಠ 60 ಮಿಲಿ ಆಂಪಿಯರ್ ಎಳೆದು ತೋರಿಸುತ್ತದೆ, ಪೆಟ್ಟಿಗೆ ಆ ಏರಿಕೆಯನ್ನು ಗಮನಿಸಿ ಹೌದು ಅಂತ ತಿಳಿಯುತ್ತದೆ. ಆದ್ದರಿಂದ ಓದಲು ಆಗುತ್ತಿಲ್ಲ ಅಂತ ಬಂದರೆ ಡಿಕೋಡರ್ ಕೆಟ್ಟಿದೆ ಅಂತ ನಿರ್ಧರಿಸುವ ಮೊದಲು ಚಕ್ರ ಒರೆಸಿ, ಇಂಜಿನನ್ನು ಒಂದಿಷ್ಟು ಒತ್ತಿ ಕೂರಿಸಿ, ಮತ್ತೆ ಓದಿಸಿ.

ವೇಗ ಹದ ಮಾಡುವುದು

ಡಿಕೋಡರ್ ಒಳಗಿನ ಸೆಟ್ಟಿಂಗ್‌ಗಳಿಗೆ ಸಿವಿ ಅನ್ನುತ್ತಾರೆ, ಪ್ರತಿಯೊಂದಕ್ಕೂ ನಂಬರ್. ಸಿವಿ 2 ಶುರುವಿನ ವೋಲ್ಟೇಜ್, ಸಿವಿ 3 ವೇಗ ಎಷ್ಟು ನಿಧಾನಕ್ಕೆ ಏರಬೇಕು, ಸಿವಿ 4 ಎಷ್ಟು ನಿಧಾನಕ್ಕೆ ಇಳಿಯಬೇಕು, ಸಿವಿ 5 ಗರಿಷ್ಠ ವೇಗ, ಸಿವಿ 6 ನಡುವಿನ ವೇಗ. ಮೊದಲು ಸಿವಿ 2 ಅನ್ನು ಒಂದೊಂದಾಗಿ ಏರಿಸಿ, ಮೊದಲ ಹಂತದಲ್ಲೇ ಇಂಜಿನ್ ತೆವಳಿಕೊಂಡು ಹೊರಡುವಂತೆ ಮಾಡಿ. ಸಿವಿ 3 ಮತ್ತು 4ಕ್ಕೆ 10 ಹಾಕಿ ನೋಡಿ, ರೈಲಿಗೆ ತೂಕ ಬಂದಂತಾಗುತ್ತದೆ. ಆದರೆ ನಿಲ್ಲಿಸಲು ದೂರವೂ ಬೇಕಾಗುತ್ತದೆ, ಮೇಜಿನ ತುದಿ ನೆನಪಿರಲಿ.

ಗರಿಷ್ಠ ವೇಗ ಎಷ್ಟಿರಬೇಕು? ಇದನ್ನು ಊಹೆಗೆ ಬಿಡಬೇಡಿ, ಲೆಕ್ಕ ಮಾಡಬಹುದು. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು. ಗಂಟೆಗೆ 110 ಕಿಲೋಮೀಟರ್ ಅಂದರೆ ಸೆಕೆಂಡಿಗೆ 30.6 ಮೀಟರ್, ಅದನ್ನು 87ರಿಂದ ಭಾಗಿಸಿದರೆ ಸೆಕೆಂಡಿಗೆ 35 ಸೆಂಟಿಮೀಟರ್. ಹಾಗಾಗಿ ಎಕ್ಸ್‌ಪ್ರೆಸ್ ಗಾಡಿಯೊಂದು 2 ಮೀಟರ್ ಹಳಿ ದಾಟಲು ಆರು ಸೆಕೆಂಡಿನ ಹತ್ತಿರ ತೆಗೆದುಕೊಳ್ಳಬೇಕು. ಗಂಟೆಗೆ 50 ಕಿಲೋಮೀಟರಿನ ಪ್ಯಾಸೆಂಜರ್ ಗಾಡಿಗೆ 1 ಮೀಟರಿಗೇ ಆರು ಸೆಕೆಂಡ್ ಬೇಕು. ಹಳಿಯ ಪಕ್ಕ 2 ಮೀಟರ್ ಗುರುತು ಮಾಡಿ, ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಸಿವಿ 5 ಇಳಿಸುತ್ತಾ ಹೋಗಿ. ಕಂಪನಿಯಿಂದ ಬಂದ ಹಾಗೇ ಬಿಟ್ಟರೆ ಬಹಳ ಇಂಜಿನ್‌ಗಳು ಇದರ ಎರಡು ಪಟ್ಟು ವೇಗದಲ್ಲಿ ಓಡಿ ಆಟಿಕೆಯಂತೆ ಕಾಣುತ್ತವೆ. ಒಂದು ಸಣ್ಣ ವಿಷಯ: ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್, ಅದು ಯುರೋಪಿನ 1435 ಮಿಲಿಮೀಟರ್ ಹಳಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಲೆಕ್ಕದ ಪ್ರಕಾರ 19 ಮಿಲಿಮೀಟರಿಗಿಂತ ಜಾಸ್ತಿ ಆಗಬೇಕಿತ್ತು. ಭಾರತದ ಇಂಜಿನ್ ಬಣ್ಣ ಬಳಿದು ಓಡಿಸುವವರೂ 16.5ರಲ್ಲೇ ಒಪ್ಪಿಕೊಂಡಿದ್ದಾರೆ, ವೇಗದ ಲೆಕ್ಕಕ್ಕೆ ಇದರಿಂದ ತೊಂದರೆ ಇಲ್ಲ.

ಸಿವಿ 29 ಸ್ವಲ್ಪ ಬೇರೆ ಥರ, ಅದು ಹಲವು ಸ್ವಿಚ್‌ಗಳ ಮೊತ್ತ. ದಿಕ್ಕು ಉಲ್ಟಾ ಮಾಡಲು 1, 28 ಅಥವಾ 128 ಹಂತದ ವೇಗಕ್ಕೆ 2, ಹಳೆಯ ಡಿಸಿ ಹಳಿಯಲ್ಲೂ ಓಡಲು 4, ಉದ್ದ ವಿಳಾಸಕ್ಕೆ 32. ಹೆಚ್ಚಿನ ಡಿಕೋಡರ್ 6 ಇಟ್ಟುಕೊಂಡು ಬರುತ್ತವೆ, ಅಂದರೆ 2 ಮತ್ತು 4. ನೀವು ಡಿಸಿಸಿಯಲ್ಲಿ ಮಾತ್ರ ಓಡಿಸುವವರಾದರೆ ಆ 4 ತೆಗೆದುಬಿಡಿ. ಚಿಕ್ಕ ವಿಳಾಸವಾದರೆ 2, ಉದ್ದವಾದರೆ 34. ಕೊಳೆ ಅಥವಾ ಶಾರ್ಟ್‌ನಿಂದ ಸಿಗ್ನಲ್ ಕೆಟ್ಟಾಗ ಡಿಕೋಡರ್ ಇದನ್ನು ಡಿಸಿ ಹಳಿ ಅಂದುಕೊಂಡು ಪೂರ್ತಿ ವೇಗದಲ್ಲಿ ಇಂಜಿನ್ ಓಡಿಸುವುದು ಇದರಿಂದ ತಪ್ಪುತ್ತದೆ.

ನಿಲ್ಲದಿದ್ದರೆ, ಓಡದಿದ್ದರೆ

ಫೋನಿನ ಬ್ಯಾಟರಿ ಮುಗಿದರೆ ರೈಲಿನ ಗತಿ ಏನು ಅಂತ ಮೊದಲ ದಿನವೇ ತಿಳಿದುಕೊಳ್ಳಿ. ನಿಧಾನಕ್ಕೆ ಓಡುತ್ತಿರುವಾಗ ಫೋನಿನ ವೈಫೈ ಆಫ್ ಮಾಡಿ. ಸಂಪರ್ಕ ತಪ್ಪಿದ್ದು ಪೆಟ್ಟಿಗೆಗೆ ತಿಳಿದು ಸುಮಾರು 10 ಸೆಕೆಂಡಿನಲ್ಲಿ ಇಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಆ್ಯಪ್‌ನ ಸೆಟ್ಟಿಂಗ್ ನೋಡಿ, ಜೊತೆಗೆ ಹಳಿಯ ಅಡಾಪ್ಟರಿನ ಸ್ವಿಚ್ ಯಾವಾಗಲೂ ಕೈಗೆ ಸಿಗುವಂತಿರಲಿ. ಕರೆಂಟ್ ಹೋಗಿ ಬಂದರೆ ಚಿಂತೆ ಇಲ್ಲ, ಡಿಸಿಸಿ-ಇಎಕ್ಸ್ ಮತ್ತೆ ಶುರುವಾದಾಗ, ನೀವು ಬೇರೆ ರೀತಿ ಹೊಂದಿಸಿರದಿದ್ದರೆ, ಹಳಿಗೆ ಪವರ್ ಕೊಡದೆಯೇ ಕಾಯುತ್ತದೆ.

ಇಂಜಿನ್ ಅಲ್ಲಲ್ಲಿ ತಡೆದು ತಡೆದು ಓಡುತ್ತಿದೆ, ಲೈಟೂ ಮಿಣುಕುತ್ತಿದೆ: ಇದು ಕೊಳೆ, ವೈಫೈ ಅಲ್ಲ. ವೈಫೈ ಕೆಟ್ಟರೆ ಇಂಜಿನ್ ನಿಲ್ಲುವವರೆಗೆ ಹಿಂದಿನ ವೇಗದಲ್ಲೇ ಹೋಗುತ್ತಾ ಸ್ಲೈಡರ್ ಮಾತು ಕೇಳುವುದಿಲ್ಲ, ಲೈಟ್ ಮಿಣುಕುವುದಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ತಲೆನೋವು ಕಮ್ಮಿ. ಕೊಳೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಹಳಿಯ ತಲೆ ಒರೆಸಿ, ಪವರ್ ಆಫ್ ಮಾಡಿ, ಕಿಟಕಿ ತೆರೆದು. ಮರಳು ಕಾಗದದಿಂದ ಉಜ್ಜಬೇಡಿ, ಗೀರುಗಳಲ್ಲಿ ಕೊಳೆ ಇನ್ನೂ ಬೇಗ ತುಂಬುತ್ತದೆ. ಹಳಿಯಷ್ಟೇ ಮುಖ್ಯ ಚಕ್ರ.

ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಆ ತುಂಡಿಗೆ ಕರೆಂಟ್ ಸರಿಯಾಗಿ ಬರುತ್ತಿಲ್ಲ. ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ) ಮೇಲೆ ಹೋದಾಗಲೆಲ್ಲಾ ಪವರ್ ಕಡಿತವಾದರೆ ಯಾವುದೋ ಚಕ್ರ ಎರಡು ಹಳಿಯನ್ನು ಕೂಡಿಸುತ್ತಿದೆ, ಚಕ್ರಗಳ ನಡುವಿನ ಅಂತರ ಅಳೆಯಿರಿ.

ಪೂರ್ತಿ ಸ್ವಚ್ಛ ಹಳಿಯಲ್ಲೂ ಸ್ಲೈಡರ್ ತಡವಾಗಿ ಕೇಳಿದರೆ ಮಾತ್ರ ವೈಫೈ ಕಡೆ ನೋಡಿ. ಇಎಸ್‌ಪಿ-01ಎಸ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ, ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ರೂಟರ್‌ಗಳೆಲ್ಲಾ ಅಲ್ಲೇ ಇರುತ್ತವೆ. ಇನ್‌ಸ್ಟಾಲರ್‌ನಲ್ಲಿ ಚಾನೆಲ್ ಬದಲಾಯಿಸಿ ಲೋಡ್ ಮಾಡಿ. ಪೆಟ್ಟಿಗೆಯನ್ನು ಕಬ್ಬಿಣದ ಸ್ಟ್ಯಾಂಡಿನ ಒಳಗೆ ಇಟ್ಟಿದ್ದರೆ ಹೊರಗೆ ತನ್ನಿ.

ಇನ್ನೂ ಮುಂದೆ

ಎರಡು ಮೂರು ಫೋನ್ ಒಟ್ಟಿಗೆ ಸೇರಿಸಬಹುದು, ಒಬ್ಬರು ಗೂಡ್ಸ್, ಒಬ್ಬರು ಪ್ಯಾಸೆಂಜರ್. ಈ ಪುಟ್ಟ ಮಾಡ್ಯೂಲಿಗೆ ನಾಲ್ಕೈದಕ್ಕಿಂತ ಜಾಸ್ತಿ ಬೇಡ. ಮಕ್ಕಳ ಕೈಗೆ ಕೊಡುವಾಗ ಎಮರ್ಜೆನ್ಸಿ ಸ್ಟಾಪ್ ಬಟನ್ ಎಲ್ಲಿದೆ ಅಂತ ಮೊದಲು ತೋರಿಸಿ, ಒತ್ತಿಸಿಯೂ ನೋಡಿ.

ಇಂಜಿನ್‌ಗಳು ಜಾಸ್ತಿಯಾದಾಗ ಜೆಎಂಆರ್‌ಐ ಅನ್ನುವ ಉಚಿತ ಸಾಫ್ಟ್‌ವೇರನ್ನು ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಮೇಲೆ ಹಾಕಿ, ಮೆಗಾವನ್ನು ಅದಕ್ಕೆ ಯುಎಸ್‌ಬಿಯಲ್ಲಿ ಸೇರಿಸಿ. ಆಗ ಫೋನ್ ಸೇರಬೇಕಾದ್ದು ಆ ಕಂಪ್ಯೂಟರಿಗೆ, ಪೋರ್ಟ್ 12090. ಇಂಜಿನ್‌ಗಳ ಹೆಸರಿನ ಪಟ್ಟಿ ತಾನಾಗಿಯೇ ಫೋನಿಗೆ ಬರುತ್ತದೆ, ಸಿವಿಗಳನ್ನು ನಂಬರ್ ನೆನಪಿಟ್ಟುಕೊಳ್ಳದೆ ಪರದೆಯ ಮೇಲೆ ನೋಡಿ ಬದಲಾಯಿಸಬಹುದು. ಪಾಯಿಂಟ್ಸ್‌ಗಳನ್ನೂ ಸರ್ವೋ ಮೋಟಾರ್ ಹಾಕಿ ಇದೇ ಫೋನಿನಿಂದ ತಿರುಗಿಸಬಹುದು, ಅದರ ವೈರಿಂಗ್ ಬೇರೆಯೇ ಒಂದು ಲೇಖನದಷ್ಟಿದೆ.

ಅಲ್ಲಿಯವರೆಗೆ ಒಂದು ನೋಟ್‌ಬುಕ್ ಸಾಕು. ಇಂಜಿನ್ ಹೆಸರು, ವಿಳಾಸ, ಡಿಕೋಡರ್ ಕಂಪನಿ, ಬದಲಾಯಿಸಿದ ಪ್ರತಿ ಸಿವಿಯ ಹಳೆಯ ಮತ್ತು ಹೊಸ ಅಂಕಿ, ಇಷ್ಟನ್ನು ಬದಲಾಯಿಸಿದ ಕೂಡಲೇ ಬರೆದಿಡಿ. ಏನೋ ಎಡವಟ್ಟಾಗಿ ಇಂಜಿನ್ ಮಾತೇ ಕೇಳದಿದ್ದಾಗ ಸಿವಿ 8ಕ್ಕೆ 8 ಬರೆದರೆ ಬಹಳಷ್ಟು ಕಂಪನಿಗಳ ಡಿಕೋಡರ್ ಮೊದಲಿನ ಸ್ಥಿತಿಗೆ ಹೋಗುತ್ತದೆ, ವಿಳಾಸವೂ ಮತ್ತೆ 3 ಆಗುತ್ತದೆ, ನೀವು ಹದ ಮಾಡಿದ ವೇಗವೆಲ್ಲಾ ಅಳಿಸುತ್ತದೆ. ನೋಟ್‌ಬುಕ್ ಇದ್ದರೆ ಐದು ನಿಮಿಷದಲ್ಲಿ ಎಲ್ಲವನ್ನೂ ಮತ್ತೆ ಹಾಕಬಹುದು.